ಉದ್ದಿಮೆದಾರರ ಒಡನಾಟವೂ ಸ್ತ್ರೀಯರೂ

ವ್ಯಾಪಾರದ ಇತಿಹಾಸವನ್ನು ಬರೆಯುವವರು ಬಹುಮಟ್ಟಿಗೆ ಬಂಡವಾಳವನ್ನೂ ಯಂತ್ರಗಳನ್ನೂ ಕರಾರುಗಳನ್ನೂ ಸರಕಾರದ ಕಾಯಿದೆಗಳನ್ನೂ ಕುರಿತು ಬರೆಯುತ್ತಾರೆ. ಇವೆಲ್ಲ ಕಾಗದದ ಮೇಲೆ ಉಳಿದು ಬಂದ ಸಂಗತಿಗಳಾದುದರಿಂದ ಇತಿಹಾಸಕಾರನ ಕೈಗೆ ಸುಲಭವಾಗಿ ದೊರೆಯುತ್ತವೆ. ಆದರೆ ಯಾವ ಕರಾರೂ ಕಾಗದದ ಮೇಲೆಯೇ ಹುಟ್ಟುವುದಿಲ್ಲ. ಅದಕ್ಕೂ ಮೊದಲು ಅದು ಇಬ್ಬರ ಅಥವಾ ನಾಲ್ವರ ಮಾತಿನಲ್ಲಿರುತ್ತದೆ. ಆ ಮಾತು ಊಟದ ಪಂಕ್ತಿಯಲ್ಲಿ ನಡೆದಿರಬಹುದು, ರೈಲಿನ ಡಬ್ಬಿಯಲ್ಲಿ ನಡೆದಿರಬಹುದು, ಮದುವೆಯ ಹಂದರದಲ್ಲಿ ನಡೆದಿರಬಹುದು. ನಮ್ಮ ಸೊಲ್ಲಾಪುರದ ಪೇಠೆಯಲ್ಲಿ ಅಡತಿ ಅಂಗಡಿಯ ಗಾದಿಯ ಮೇಲೆ ಲೋಡಿಗೆ ಒರಗಿ, ಚಹ ಕುಡಿಯುತ್ತ ಕುಳಿತ ನಾಲ್ಕು ಜನರನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾದ ಕಾರಣವಿಲ್ಲ. ಅಲ್ಲಿ ಮಳೆಯ ಮಾತು ನಡೆಯುತ್ತದೆ, ಮಗಳ ಮದುವೆಯ ಮಾತು ನಡೆಯುತ್ತದೆ, ನಡುವೆ ಎಲ್ಲಿಯೋ ಒಂದು ಕಡೆ ಸಾವಿರಾರು ರೂಪಾಯಿಗಳ ವ್ಯವಹಾರವೂ ಮುಗಿದು ಹೋಗುತ್ತದೆ.

ಇಂಥ ಒಡನಾಟದಿಂದ ವ್ಯಾಪಾರಿಗೆ ಮೂರು ಲಾಭಗಳುಂಟು. ಮೊದಲನೆಯದು ಸುದ್ದಿ: ಪತ್ರಿಕೆಗಳಲ್ಲಿ ಬರುವುದಕ್ಕಿಂತ ಮುಂಚೆ ಯಾರು ಏನನ್ನು ಮಾರಲಿದ್ದಾರೆ, ಯಾರು ಕೊಳ್ಳಲಿದ್ದಾರೆ ಎಂಬುದು ತಿಳಿಯುತ್ತದೆ. ಎರಡನೆಯದು ವಿಶ್ವಾಸ: ಹತ್ತು ಸಲ ಕೂಡಿ ಉಂಡವನಿಗೆ ಹನ್ನೊಂದನೆಯ ಸಲ ಸಾಲ ಕೊಡಲು ಮನಸ್ಸು ಹಿಂಜರಿಯುವುದಿಲ್ಲ. ಮೂರನೆಯದು ಶಿಫಾರಸು: “ಇವರು ನಮ್ಮವರು, ಇವರ ಮಾತನ್ನು ನಂಬಬಹುದು” ಎಂದು ಒಬ್ಬ ಹಿರಿಯನು ಇನ್ನೊಬ್ಬ ಹಿರಿಯನಿಗೆ ಹೇಳುವ ಒಂದು ಮಾತು. ಈ ಮೂರೂ ಯಾವ ಪೇಠೆಯಲ್ಲಿಯೂ ಮಾರಾಟಕ್ಕಿಲ್ಲ. ಕೂಟದಲ್ಲಿ ಕುಳಿತವರಿಗೆ ಮಾತ್ರ ಅವು ದೊರೆಯುತ್ತವೆ. ಹಾಗಾದರೆ ಕೂಟದಲ್ಲಿ ಯಾರು ಕುಳಿತಿದ್ದರು, ಯಾರು ಕುಳಿತಿರಲಿಲ್ಲ ಎಂಬ ಪ್ರಶ್ನೆಯು ಬಂಡವಾಳದ ಪ್ರಶ್ನೆಯಷ್ಟೇ ಮಹತ್ವದ್ದಾಗುತ್ತದೆ. ಪ್ರಕೃತ ಲೇಖನದಲ್ಲಿ ನಾವು ಈ ಪ್ರಶ್ನೆಯನ್ನು ಸ್ತ್ರೀಯರ ದೃಷ್ಟಿಯಿಂದ ಕೇಳಿ ನೋಡಬೇಕೆಂದಿದ್ದೇವೆ.

ಕನ್ನಡಿಗರಿಗೆ ವ್ಯಾಪಾರಿಗಳ ಕೂಟವೆಂದೊಡನೆ ಅಯ್ಯಾವೊಳೆಯ ಐನೂರ್ವರ ನೆನಪಾಗುವುದು ಸಹಜ. ಐಹೊಳೆಯಿಂದ ಹೆಸರು ಪಡೆದ ಈ ವರ್ತಕ ಸಮೂಹವು ಬಳ್ಳಿಗಾವೆ ಮೊದಲಾದ ಪಟ್ಟಣಗಳಲ್ಲಿ ಶಾಸನಗಳನ್ನು ಬಿಟ್ಟುಹೋಗಿದೆ; ಸುಮಾತ್ರಾ ದ್ವೀಪದ ಬಾರೂಸಿನಲ್ಲಿ ದೊರೆತ ೧೦೮೮ರ ತಮಿಳು ಶಾಸನದಲ್ಲಿಯೂ ಐನೂರ್ವರ ಪ್ರಸ್ತಾಪವಿದೆ. ಅವರ ಪ್ರಶಸ್ತಿಗಳು ಸೆಟ್ಟಿಗಳ ಶೌರ್ಯವನ್ನೂ ಸತ್ಯವನ್ನೂ ಔದಾರ್ಯವನ್ನೂ ಕೊಂಡಾಡುತ್ತವೆ. ಸ್ತ್ರೀಯರು ನಮ್ಮ ಶಾಸನಗಳಲ್ಲಿ ಕಾಣುವುದಿಲ್ಲವೆಂದಲ್ಲ. ದೇವಾಲಯಕ್ಕೆ ಭೂಮಿಯನ್ನೂ ಹೊನ್ನನ್ನೂ ದತ್ತಿ ಬಿಟ್ಟ ದಾನಿಗಳಾಗಿ ಅವರು ಮತ್ತೆ ಮತ್ತೆ ಕಾಣುತ್ತಾರೆ. ಎಂದರೆ ಅವರ ಕೈಯಲ್ಲಿ ಧನವಿತ್ತು. ಆದರೆ ವರ್ತಕರ ಕೂಟವು ತನ್ನನ್ನು ತಾನು ಬಣ್ಣಿಸಿಕೊಂಡದ್ದು ವೀರಪುರುಷರ ಕೂಟವೆಂದೇ. ಧನವಿರುವುದು ಬೇರೆ, ಧನದ ಮಾತು ನಡೆಯುವಲ್ಲಿ ಆಸನವಿರುವುದು ಬೇರೆ. ಈ ಭೇದವನ್ನು ವಾಚಕರು ನೆನಪಿನಲ್ಲಿ ಇರಿಸಿಕೊಳ್ಳಬೇಕೆಂದು ಕೋರುತ್ತೇವೆ.

ಆಧುನಿಕ ಕಾಲದ ದೊಡ್ಡ ದೊಡ್ಡ ವ್ಯಾಪಾರ ಸಂಸ್ಥೆಗಳೂ ಹೀಗೆಯೇ ಕಟ್ಟೆಯ ಮಾತಿನಿಂದ ಬೆಳೆದವುಗಳು. ಲಂಡನ್ನಿನ ಲಾಯ್ಡ್ಸ್ ಎಂಬ ಹಡಗು ವಿಮೆಯ ಸಂಸ್ಥೆಯು ೧೭ನೆಯ ಶತಮಾನದ ಕೊನೆಯಲ್ಲಿ ಎಡ್ವರ್ಡ್ ಲಾಯ್ಡ್ ಎಂಬವನ ಕಾಫಿ ಅಂಗಡಿಯಲ್ಲಿ ಹುಟ್ಟಿತು. ಅಲ್ಲಿಯ ಷೇರು ಪೇಠೆಯ ಮೂಲವು ಜೋನಾಥನ್ ಎಂಬವನ ಇನ್ನೊಂದು ಕಾಫಿ ಅಂಗಡಿ. ನಮ್ಮ ಮುಂಬಯಿಯಲ್ಲಿ ೧೮೫೦ರ ದಶಕದಲ್ಲಿ ಷೇರು ದಲಾಲರು ಟೌನ್ ಹಾಲಿನ ಮುಂದಿನ ಆಲದ ಮರಗಳ ಕೆಳಗೆ ಕೂಡುತ್ತಿದ್ದರು. ೧೮೭೫ರಲ್ಲಿ ಅದು ವಿಧಿವತ್ತಾದ ಸಂಘವಾಯಿತು. ಆಲದ ಮರದ ನೆರಳಿಗೆ ಗೋಡೆಯೂ ಇರಲಿಲ್ಲ, ಬಾಗಿಲೂ ಇರಲಿಲ್ಲ. ಸ್ತ್ರೀಯರು ಬರಕೂಡದೆಂದು ಯಾರೂ ಹಲಗೆ ಬರೆದು ತೂಗುಹಾಕಿರಲಿಲ್ಲ. ಆದರೂ ಮರದ ಕೆಳಗಿನ ರೂಢಿಯು ಕಟ್ಟಡದೊಳಗೆ ಬರುವ ಹೊತ್ತಿಗೆ ನಿಯಮದಷ್ಟೇ ಗಟ್ಟಿಯಾಗಿತ್ತು. ಲಂಡನ್ನಿನ ಷೇರು ಪೇಠೆಯು ಸ್ತ್ರೀಯರನ್ನು ಸದಸ್ಯರನ್ನಾಗಿ ಸೇರಿಸಿಕೊಂಡದ್ದು ೧೯೭೩ರಲ್ಲಿ. ಮುಂಬಯಿಯ ಷೇರು ಪೇಠೆಗೆ ಮೊದಲ ಮಹಿಳಾ ಅಧ್ಯಕ್ಷರಾಗಿ ಶ್ರೀಮತಿ ದೀನಾ ಮೆಹತಾ ಅವರು ಬಂದದ್ದು ೨೦೦೧ರಲ್ಲಿ, ಎಂದರೆ ಸಂಘ ಸ್ಥಾಪನೆಯಾಗಿ ೧೨೬ ವರ್ಷಗಳ ಮೇಲೆ.

ಒಡನಾಟದ ಬೆಲೆ ಎಷ್ಟೆಂಬುದನ್ನು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. ಸೇಠ ವಾಲಚಂದ ಹೀರಾಚಂದರು ೧೮೮೨ರಲ್ಲಿ ನಮ್ಮ ಸೊಲ್ಲಾಪುರದಲ್ಲಿಯೇ ಹುಟ್ಟಿದವರು. ಅವರ ಹೆಸರಿನ ಕಾಲೇಜು ಇಂದಿಗೂ ಇಲ್ಲಿದೆ. ಅವರ ಜೀವನದ ಎರಡು ಪ್ರಸಂಗಗಳನ್ನು ಇಲ್ಲಿ ಸ್ಮರಿಸಿಕೊಳ್ಳಬೇಕು.

ಮೊದಲನೆಯ ಮಹಾಯುದ್ಧವು ಮುಗಿದ ಹೊಸತು. ವಾಲಚಂದರು ದಿಲ್ಲಿಯಿಂದ ಮುಂಬಯಿಗೆ ರೈಲಿನಲ್ಲಿ ಬರುತ್ತಿದ್ದಾಗ ಗ್ವಾಲಿಯರಿನ ಸಿಂಧಿಯಾ ಮಹಾರಾಜರ ‘ಲಾಯಲ್ಟಿ’ ಎಂಬ ಹಡಗು ಮಾರಾಟಕ್ಕಿದೆಯೆಂಬ ಸುದ್ದಿ ಒಬ್ಬ ಇಂಗ್ಲಿಷ್ ಸಹಪ್ರಯಾಣಿಕನ ಬಾಯಿಂದ ಅವರ ಕಿವಿಗೆ ಬಿದ್ದಿತೆಂದು ಹೇಳುತ್ತಾರೆ. ಅವರು ತಡಮಾಡಲಿಲ್ಲ, ಸೇಠ ನರೋತ್ತಮ ಮೊರಾರ್ಜಿ ಮೊದಲಾದ ಪರಿಚಿತರನ್ನು ಕೂಡಿಸಿಕೊಂಡು ಹಡಗನ್ನು ಕೊಂಡರು. ನರೋತ್ತಮರ ತಂದೆ ಮೊರಾರ್ಜಿ ಗೋಕುಳದಾಸರು ಸೊಲ್ಲಾಪುರದಲ್ಲಿ ೧೮೭೦ರ ದಶಕದಲ್ಲಿ ಬಟ್ಟೆಯ ಗಿರಣಿಯನ್ನು ಹೂಡಿದವರು ಎಂಬುದನ್ನು ಇಲ್ಲಿ ನೆನೆಯಬಹುದು. ಎರಡು ಮನೆತನಗಳಿಗೂ ಈ ಊರಿನ ನಂಟು ಇದ್ದಿತು. ಹೀಗೆ ಸಿಂಧಿಯಾ ಹಡಗು ಕಂಪನಿಯು ಜನ್ಮ ತಾಳಿತು. ೧೯೧೯ರ ಏಪ್ರಿಲ್ ೫ರಂದು ‘ಲಾಯಲ್ಟಿ’ಯು ಮುಂಬಯಿಯಿಂದ ಲಂಡನ್ನಿಗೆ ಹೊರಟಿತು. ಬ್ರಿಟಿಷ್ ಕಂಪನಿಗಳ ಏಕಸ್ವಾಮ್ಯವಿದ್ದ ಸಮುದ್ರದಲ್ಲಿ ಅದು ದೊಡ್ಡ ಸಾಹಸ. ಆ ದಿನವನ್ನೇ ಭಾರತವು ರಾಷ್ಟ್ರೀಯ ನೌಕಾಯಾನ ದಿನವನ್ನಾಗಿ ಆಚರಿಸುತ್ತದೆ.

ಎರಡನೆಯ ಪ್ರಸಂಗವು ಕನ್ನಡನಾಡಿಗೆ ಇನ್ನೂ ಹತ್ತಿರದ್ದು. ೧೯೩೯ರಲ್ಲಿ ವಾಲಚಂದರು ಅಮೆರಿಕೆಯಿಂದ ಶಾಂತಸಾಗರದ ಮೇಲೆ ವಿಮಾನದಲ್ಲಿ ಹಿಂದಿರುಗುತ್ತಿದ್ದರು. ಚೀನಾದೇಶದಲ್ಲಿ ವಿಮಾನಗಳ ಕಾರಖಾನೆಯನ್ನು ನಡೆಯಿಸುತ್ತಿದ್ದ ವಿಲಿಯಂ ಪಾಲೆ ಎಂಬ ಅಮೆರಿಕದ ಉದ್ದಿಮೆದಾರನ ಪರಿಚಯವು ಆ ಪಯಣದಲ್ಲಿಯೇ ಅವರಿಗಾಯಿತು. ಆ ಮಾತುಕತೆಯೇ ಬೆಳೆದು, ಮೈಸೂರು ಸರಕಾರವು ಕೈಗೂಡಿಸಿ, ದಿವಾನ ಮಿರ್ಜಾ ಇಸ್ಮಾಯಿಲರು ಆಸಕ್ತಿ ವಹಿಸಿ, ೧೯೪೦ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪನಿಯು ಸ್ಥಾಪಿತವಾಯಿತು. ಮೈಸೂರು ಸರಕಾರವು ಅದರಲ್ಲಿ ೨೫ ಲಕ್ಷ ರೂಪಾಯಿಗಳನ್ನು ತೊಡಗಿಸಿತು. ಅದೇ ಸಂಸ್ಥೆಯು ೧೯೬೪ರಲ್ಲಿ ಹಿಂದೂಸ್ಥಾನ್ ಏರೋನಾಟಿಕ್ಸ್ ಆಯಿತು.

ವಾಲಚಂದರ ಧೈರ್ಯವನ್ನೂ ದೂರದೃಷ್ಟಿಯನ್ನೂ ಕಡಿಮೆ ಮಾಡಿ ಹೇಳುವುದು ನಮ್ಮ ಉದ್ದೇಶವಲ್ಲ. ಸುದ್ದಿ ಕೇಳಿದವರೆಲ್ಲ ಹಡಗು ಕೊಳ್ಳಲಾರರು. ಆದರೆ ಸುದ್ದಿಯೇ ಕಿವಿಗೆ ಬೀಳದವರು ಎಷ್ಟು ಧೈರ್ಯವಿದ್ದರೂ ಏನು ಮಾಡಬಲ್ಲರು? ೧೯೧೯ರ ರೈಲಿನಲ್ಲಿ ಮನೆತನಸ್ಥ ಸ್ತ್ರೀಯರು ಕುಳಿತುಕೊಳ್ಳುತ್ತಿದ್ದ ಜನಾನಾ ಡಬ್ಬಿಯೇ ಬೇರೆ. ಅವರ ಮಾನರಕ್ಷಣೆಗಾಗಿಯೇ ಆ ವ್ಯವಸ್ಥೆ ಇದ್ದಿತು. ಅದರಲ್ಲಿ ಸದುದ್ದೇಶವೇ ಇದ್ದಿತು. ಆದರೆ ಆ ಒಂದು ಹಲಗೆಯ ಗೋಡೆಯ ಈಚೆಗೆ ಹಡಗಿನ ಮಾತು ನಡೆಯುತ್ತಿದ್ದಾಗ ಆಚೆಗೆ ಕುಳಿತವಳಿಗೆ ಅದು ಕೇಳಿಸುವಂತಿರಲಿಲ್ಲ. ಸ್ತ್ರೀಯರಿಗೆ ವ್ಯಾಪಾರದ ಬುದ್ಧಿಯಿಲ್ಲವೆಂದು ಅನೇಕ ಕಾಲ ಹೇಳುತ್ತ ಬಂದ ನಮ್ಮ ಸಮಾಜವು ಈ ಹಲಗೆಯ ಗೋಡೆಯನ್ನು ಲೆಕ್ಕಕ್ಕೆ ಹಿಡಿದದ್ದು ಅಪರೂಪ.

ರೈಲಿನ ಭೇಟಿ ಆಕಸ್ಮಿಕ. ದಿನದಿನದ ಒಡನಾಟಕ್ಕೆ ಉದ್ದಿಮೆದಾರರು ಕಟ್ಟಿಕೊಂಡ ಸ್ಥಳವೆಂದರೆ ಕ್ಲಬ್ಬು. ಇಂಗ್ಲಿಷರು ಇದನ್ನು ತಮ್ಮ ದೇಶದಿಂದ ತಂದರು. ಕಲಕತ್ತೆಯ ಬೆಂಗಾಲ್ ಕ್ಲಬ್ಬು ೧೮೨೭ರಷ್ಟು ಹಳೆಯದು. ಅಲ್ಲಿ ದೊಡ್ಡ ದೊಡ್ಡ ಬ್ರಿಟಿಷ್ ಕಂಪನಿಗಳ ಮುಖ್ಯಸ್ಥರು ಮಧ್ಯಾಹ್ನದ ಊಟಕ್ಕೆ ಕೂಡುತ್ತಿದ್ದರು. ಭಾರತೀಯರಿಗೆ ಅಲ್ಲಿ ಪ್ರವೇಶವಿರಲಿಲ್ಲ. ೨೦ನೆಯ ಶತಮಾನದ ಆರಂಭದಲ್ಲಿ ವೈಸರಾಯ ಮಿಂಟೋ ಪ್ರಭುಗಳು ರಾಜೇಂದ್ರನಾಥ ಮುಖರ್ಜಿಯವರನ್ನು ಅಲ್ಲಿಗೆ ಊಟಕ್ಕೆ ಆಮಂತ್ರಿಸಿದರು. ಮುಖರ್ಜಿಯವರಾದರೋ ಮಾರ್ಟಿನ್ ಕಂಪನಿಯ ಪಾಲುದಾರರು, ದೇಶದ ಅಗ್ರಗಣ್ಯ ಉದ್ದಿಮೆದಾರರಲ್ಲಿ ಒಬ್ಬರು. ಆದರೂ ಭಾರತೀಯರೆಂಬ ಕಾರಣಕ್ಕೆ ಕ್ಲಬ್ಬು ಅವರನ್ನು ಒಳಗೆ ಬಿಡಲಿಲ್ಲವೆಂಬ ಕಥೆ ಪ್ರಸಿದ್ಧವಾಗಿದೆ. ಆ ಅಪಮಾನದ ಫಲವಾಗಿ ೧೯೦೭ರಲ್ಲಿ ಬಣ್ಣದ ಭೇದವಿಲ್ಲದ ಕಲಕತ್ತಾ ಕ್ಲಬ್ಬು ಹುಟ್ಟಿತು. ಮುಂಬಯಿಯಲ್ಲಿ ಗವರ್ನರ್ ವಿಲಿಂಗ್ಡನ್ನರು ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಇಂಥದೇ ಇನ್ನೊಂದು ಕ್ಲಬ್ಬನ್ನು ಸ್ಥಾಪಿಸಿದರು. ಬೆಂಗಳೂರಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ೧೯೧೭ರಲ್ಲಿ ಸೆಂಚುರಿ ಕ್ಲಬ್ಬನ್ನು ಆರಂಭಿಸಿದರು.

ಇದು ಸ್ವಾಭಿಮಾನದ ಇತಿಹಾಸ, ಓದಿದಾಗ ಎದೆಯುಬ್ಬುತ್ತದೆ. ಆದರೆ ಕಥೆ ಇಲ್ಲಿಗೇ ಮುಗಿಯುವುದಿಲ್ಲ. ಬಣ್ಣದ ಭೇದವಿರಕೂಡದೆಂದು ೧೯೦೭ರಲ್ಲಿ ಹುಟ್ಟಿದ ಕಲಕತ್ತಾ ಕ್ಲಬ್ಬು ಸ್ತ್ರೀಯರನ್ನು ಸದಸ್ಯರನ್ನಾಗಿ ಸ್ವೀಕರಿಸಿದ್ದು ೨೦೦೭ರಲ್ಲಿ. ನಡುವೆ ಸರಿಯಾಗಿ ನೂರು ವರ್ಷಗಳು. ಬೆಂಗಾಲ್ ಕ್ಲಬ್ಬಾದರೂ ಭಾರತೀಯರಿಗೆ ೧೯೫೯ರಲ್ಲಿ ಬಾಗಿಲು ತೆರೆಯಿತು. ಬಿಳಿಯರ ಕ್ಲಬ್ಬಿಗೆ ಕರಿಯರ ವಿಷಯದಲ್ಲಿ ಹಿಡಿದ ಕಾಲ ದೊಡ್ಡದೋ, ನಮ್ಮವರ ಕ್ಲಬ್ಬಿಗೆ ನಮ್ಮ ಹೆಣ್ಣುಮಕ್ಕಳ ವಿಷಯದಲ್ಲಿ ಹಿಡಿದ ಕಾಲ ದೊಡ್ಡದೋ ಎಂಬ ಲೆಕ್ಕವನ್ನು ನಾವು ಮಾಡಹೊರಟಿಲ್ಲ. ಬಾಗಿಲ ಹೊರಗೆ ನಿಂತು ನೊಂದವನು ಒಳಗೆ ಬಂದು ಕುಳಿತ ಮೇಲೆ ತನ್ನ ಹಿಂದೆ ನಿಂತವರನ್ನು ಮರೆಯುವುದು ಎಷ್ಟು ಸುಲಭ ಎಂಬುದನ್ನಷ್ಟೇ ತೋರಿಸಬೇಕಾಗಿದೆ. ಆ ಹಿರಿಯರು ದುಷ್ಟರಾಗಿದ್ದರೆಂದು ಯಾರೂ ಹೇಳಲಾರರು. ತಮಗೆ ಆದ ಅನ್ಯಾಯವು ಅವರಿಗೆ ಕಂಡಿತು. ತಮ್ಮಿಂದ ಆಗುತ್ತಿದ್ದುದು ರೂಢಿಯಂತೆ ಕಂಡಿತು.

ಹೀಗಿದ್ದರೂ ಉದ್ದಿಮೆಯ ಶಿಖರವನ್ನು ಏರಿದ ಸ್ತ್ರೀಯರು ಇರಲಿಲ್ಲವೇ ಎಂದು ವಾಚಕರು ಕೇಳಬಹುದು. ಇದ್ದರು. ಅವರಲ್ಲಿ ಶ್ರೀಮತಿ ಸುಮತಿ ಮೊರಾರ್ಜಿಯವರ ಹೆಸರು ಮೊದಲು ಬರುತ್ತದೆ. ೧೯೦೯ರಲ್ಲಿ ಹುಟ್ಟಿದ ಇವರು ಮೇಲೆ ಹೇಳಿದ ನರೋತ್ತಮ ಮೊರಾರ್ಜಿಯವರ ಸೊಸೆ, ಶಾಂತಿಕುಮಾರರ ಪತ್ನಿ. ಸಿಂಧಿಯಾ ಕಂಪನಿಯ ಆಡಳಿತವನ್ನು ಇವರು ದಶಕಗಳ ಕಾಲ ನಡೆಯಿಸಿದರು. ೧೯೫೬ರಲ್ಲಿ ಭಾರತದ ಹಡಗು ಮಾಲೀಕರ ಸಂಘಕ್ಕೆ ಅಧ್ಯಕ್ಷರಾದರು. ಇಂಥದೊಂದು ಸಂಘಕ್ಕೆ ಸ್ತ್ರೀಯೊಬ್ಬಳು ಅಧ್ಯಕ್ಷಳಾದುದು ಅದೇ ಮೊದಲು. ೧೯೭೧ರಲ್ಲಿ ಭಾರತ ಸರಕಾರವು ಅವರಿಗೆ ಪದ್ಮವಿಭೂಷಣವನ್ನು ಕೊಟ್ಟಿತು. ೧೯೯೮ರಲ್ಲಿ ಅವರು ಕಾಲವಾದರು.

ಸುಮತಿಬಾಯಿಯವರಿಗೆ ಕೂಟದೊಳಗಿನ ಆಸನ ಹೇಗೆ ದೊರೆಯಿತು? ಅವರ ಸಾಮರ್ಥ್ಯದ ವಿಷಯದಲ್ಲಿ ಎರಡು ಮಾತಿಲ್ಲ. ಆದರೆ ಸಾಮರ್ಥ್ಯವು ಕಾಣಿಸಿಕೊಳ್ಳಲು ಒಂದು ಜಗಲಿ ಬೇಕಷ್ಟೆ. ಆ ಜಗಲಿ ಅವರ ಮನೆಯಲ್ಲಿಯೇ ಇದ್ದಿತು. ೧೯೨೪ರಲ್ಲಿ ಶಸ್ತ್ರಚಿಕಿತ್ಸೆಯ ತರುವಾಯ ಮಹಾತ್ಮಾ ಗಾಂಧಿಯವರು ವಿಶ್ರಾಂತಿ ಪಡೆದದ್ದು ಜುಹೂ ಕಡಲತೀರದಲ್ಲಿದ್ದ ಈ ಮನೆತನದ ಬಂಗಲೆಯಲ್ಲಿ. ೧೯೪೪ರಲ್ಲಿ ಆಗಾಖಾನ್ ಅರಮನೆಯ ಸೆರೆಯಿಂದ ಬಿಡುಗಡೆಯಾದ ಮೇಲೆಯೂ ಗಾಂಧೀಜಿ ಶಾಂತಿಕುಮಾರರ ಜುಹೂ ಮನೆಯಲ್ಲಿ ಕೆಲಕಾಲ ಇದ್ದರು. ಸುಮತಿಬಾಯಿಯವರಿಗೂ ಗಾಂಧೀಜಿಗೂ ಪತ್ರವ್ಯವಹಾರವಿದ್ದಿತು. ದೇಶದ ಮುಂದಾಳುಗಳು ಬಂದು ಕುಳಿತುಕೊಳ್ಳುವ ಮನೆಗೆ ಉದ್ದಿಮೆದಾರರೂ ಬರುವುದು ಸ್ವಾಭಾವಿಕ. ಕ್ಲಬ್ಬಿನಲ್ಲಿ ಹೊರಗೆ ನಿಲ್ಲಬೇಕಾದ ಸ್ತ್ರೀಯು ತನ್ನ ಮನೆಯ ಪಡಸಾಲೆಯಲ್ಲಿ ಗೃಹಿಣಿ. ಅಲ್ಲಿ ಅವಳನ್ನು ಯಾರೂ ತಡೆಯಲಾರರು. ಸುದ್ದಿ, ವಿಶ್ವಾಸ, ಶಿಫಾರಸು ಈ ಮೂರೂ ಆ ಪಡಸಾಲೆಗೆ ತಾವಾಗಿಯೇ ನಡೆದು ಬಂದವು.

ಇದರಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ವ್ಯಾಪಾರದ ಮಾತು ಮನೆಯಲ್ಲಿ ನಡೆದಾಗ ಮನೆಯ ಸ್ತ್ರೀಗೆ ಅದು ಕೇಳಿಸುತ್ತದೆ. ಅದು ಮನೆಯನ್ನು ಬಿಟ್ಟು ಕ್ಲಬ್ಬಿಗೆ ಹೋದಾಗ ಕೇಳಿಸುವುದಿಲ್ಲ. ನಮ್ಮ ಊರಿನ ನೇಕಾರರ ಮನೆಗಳಲ್ಲಿಯೂ ಇದನ್ನು ಕಾಣಬಹುದಾಗಿತ್ತು. ಮಗ್ಗವು ಮನೆಯೊಳಗೇ ಇದ್ದ ಕಾಲದಲ್ಲಿ ಕಂಡಿಕೆ ಸುತ್ತುವ ತಾಯಿಗೆ ನೂಲಿನ ದರವೂ ಗೊತ್ತಿತ್ತು, ಸಾವಕಾರನ ಗುಣವೂ ಗೊತ್ತಿತ್ತು. ಮಾರಾಟದ ಮಾತು ಪೇಠೆಯ ಗಾದಿಗೆ ಹೋದ ಮೇಲೆ ಆಕೆಗೆ ಉಳಿದದ್ದು ಕಂಡಿಕೆ ಮಾತ್ರ. ಆದರೆ ಮನೆಯ ಬಾಗಿಲಿಗೂ ಒಂದು ದೊಡ್ಡ ಕೊರತೆ ಇದೆ. ಅದು ಆ ಮನೆಯಲ್ಲಿ ಹುಟ್ಟಿದವರಿಗೆ ಅಥವಾ ಆ ಮನೆಗೆ ಸೊಸೆಯಾಗಿ ಬಂದವರಿಗೆ ಮಾತ್ರ ತೆರೆಯುತ್ತದೆ. ಉದ್ದಿಮೆಯ ಮನೆತನದಲ್ಲಿ ಹುಟ್ಟದ ಹುಡುಗನಿಗಾದರೆ ಕ್ಲಬ್ಬು, ಕಟ್ಟೆ, ರೈಲಿನ ಡಬ್ಬಿ ಇದ್ದವು. ಅಂಥ ಮನೆತನದಲ್ಲಿ ಹುಟ್ಟದ ಹುಡುಗಿಗೆ ಏನಿತ್ತು?

ಈ ಪ್ರಶ್ನೆಗೆ ಬೆಂಗಳೂರಿನಿಂದ ಒಂದು ಉತ್ತರ ಬರುತ್ತದೆ. ಶ್ರೀಮತಿ ಕಿರಣ್ ಮಜುಂದಾರ್ ಷಾ ಅವರ ತಂದೆ ಮದ್ಯ ತಯಾರಿಕೆಯ ತಜ್ಞರು. ಮಗಳೂ ಆಸ್ಟ್ರೇಲಿಯಾಕ್ಕೆ ಹೋಗಿ ಅದೇ ವಿದ್ಯೆಯನ್ನು ಕಲಿತು ಬಂದರು. ಅದು ಗಂಡಸರ ಕೆಲಸವೆಂದು ಹೇಳಿ ಇಲ್ಲಿಯ ಕಂಪನಿಗಳು ಅವರಿಗೆ ತಕ್ಕ ಕೆಲಸವನ್ನು ಕೊಡಲಿಲ್ಲ. ೧೯೭೮ರಲ್ಲಿ ಹತ್ತು ಸಾವಿರ ರೂಪಾಯಿಗಳ ಬಂಡವಾಳದಿಂದ, ಬಾಡಿಗೆಯ ಮನೆಯೊಂದರ ಮೋಟಾರು ನಿಲ್ಲಿಸುವ ಕೋಣೆಯಲ್ಲಿ, ಅವರು ಬಯೋಕಾನ್ ಎಂಬ ಉದ್ದಿಮೆಯನ್ನು ಆರಂಭಿಸಿದರು. ಬ್ಯಾಂಕುಗಳು ಸಾಲ ಕೊಡಲು ಹಿಂದೆಗೆದವು. ಕೊನೆಗೆ ಒಂದು ಸಂತೋಷಕೂಟದಲ್ಲಿ ಆಕಸ್ಮಿಕವಾಗಿ ಭೇಟಿಯಾದ ಬ್ಯಾಂಕ್ ಅಧಿಕಾರಿಯೊಬ್ಬರಿಂದ ಅವರಿಗೆ ಮೊದಲ ಸಾಲ ದೊರೆಯಿತೆಂದು ಅವರ ಚರಿತ್ರೆಯನ್ನು ಬರೆದವರು ಹೇಳುತ್ತಾರೆ. ಬ್ಯಾಂಕಿನ ಮೇಜಿನ ಮುಂದೆ ದೊರೆಯದ ವಿಶ್ವಾಸವು ಕೂಟದ ಮಾತಿನಲ್ಲಿ ದೊರೆತುದು ಗಮನಿಸತಕ್ಕದ್ದು. ಅರ್ಜಿಯಲ್ಲಿದ್ದ ಅಂಕಿಸಂಖ್ಯೆಗಳು ಬದಲಾಗಿರಲಿಲ್ಲ. ಮಾತನಾಡುವ ಸ್ಥಳ ಬದಲಾಗಿತ್ತು. ಅಂಥ ಕೂಟಕ್ಕೆ ಹೋಗುವ ಅವಕಾಶ ಅವರಿಗಿತ್ತು. ಆ ಅವಕಾಶವಿಲ್ಲದೆ ಅರ್ಜಿಯೊಂದಿಗೆ ಮನೆಗೆ ಹಿಂದಿರುಗಿದವರ ಹೆಸರುಗಳನ್ನು ಯಾವ ಇತಿಹಾಸವೂ ಬರೆದಿಟ್ಟಿಲ್ಲ.

ಇಂಥ ಆಕಸ್ಮಿಕಗಳಿಗಾಗಿ ಕಾಯುವುದಕ್ಕಿಂತ ನಮ್ಮ ಕೂಟವನ್ನು ನಾವೇ ಕಟ್ಟಿಕೊಳ್ಳೋಣವೆಂದು ಸ್ತ್ರೀಯರು ಹೊರಟದ್ದು ಇತಿಹಾಸದ ಮುಂದಿನ ಘಟ್ಟ. ೧೯೮೩ರಲ್ಲಿ ಬೆಂಗಳೂರಿನಲ್ಲಿ ಮಹಿಳಾ ಉದ್ಯಮಿಗಳ ಸಂಘವಾದ ‘ಅವೇಕ್’ ಸ್ಥಾಪನೆಯಾಯಿತು. ಅದೇ ವರ್ಷ ಭಾರತೀಯ ವಾಣಿಜ್ಯೋದ್ಯಮ ಮಹಾಸಂಘದ ಮಹಿಳಾ ಶಾಖೆಯೂ ಆರಂಭವಾಯಿತು. ಆದರೆ ಇದಕ್ಕೂ ಮೊದಲು, ಯಾರ ಗಮನಕ್ಕೂ ಬಾರದಂತೆ, ನಮ್ಮ ಓಣಿಗಳ ಹೆಂಗಸರು ಇಂಥ ಕೂಟವನ್ನು ನಡೆಯಿಸುತ್ತಲೇ ಬಂದಿದ್ದಾರೆ. ಅದರ ಹೆಸರು ಭಿಶಿ. ಹತ್ತು ಹದಿನೈದು ಜನ ತಿಂಗಳಿಗೊಮ್ಮೆ ಒಬ್ಬರ ಮನೆಯಲ್ಲಿ ಕೂಡುತ್ತಾರೆ, ಗೊತ್ತಾದ ಹಣವನ್ನು ಹಾಕುತ್ತಾರೆ, ಒಬ್ಬರು ಒಟ್ಟು ಹಣವನ್ನು ಎತ್ತಿಕೊಳ್ಳುತ್ತಾರೆ. ಅವಲಕ್ಕಿ ಚಹದ ಈ ಕೂಟವನ್ನು ಗಂಡಸರು ನಗೆಯಾಡುವುದುಂಟು. ಸುದ್ದಿ, ವಿಶ್ವಾಸ, ಶಿಫಾರಸು ಎಂದು ನಾವು ಮೇಲೆ ಹೇಳಿದ ಮೂರೂ ಇಲ್ಲಿ ಇವೆ. ಹೊಲಿಗೆ ಯಂತ್ರ ಕೊಂಡವರು, ಹಪ್ಪಳ ಶೇಂಗಾ ಚಟ್ನಿಯ ವ್ಯಾಪಾರ ಹೂಡಿದವರು ಭಿಶಿಯ ಹಣದಿಂದಲೇ ಹೂಡಿದ್ದಾರೆ. ಇಲ್ಲದ್ದು ಒಂದೇ, ದೊಡ್ಡ ಬಂಡವಾಳವಿರುವ ಕೂಟದೊಂದಿಗೆ ಸಂಬಂಧ.

ನಮ್ಮ ನೆರೆಯ ಸಾತಾರಾ ಜಿಲ್ಲೆಯ ಮ್ಹಸವಡದ ಸ್ತ್ರೀಯರು ಆ ಸಂಬಂಧವನ್ನೂ ಕಟ್ಟಹೊರಟರು. ಶ್ರೀಮತಿ ಚೇತನಾ ಗಾಲಾ ಸಿನ್ಹಾ ಅವರ ಮುಂದಾಳುತನದಲ್ಲಿ ಅವರು ತಮ್ಮದೇ ಸಹಕಾರಿ ಬ್ಯಾಂಕನ್ನು ತೆರೆಯಲು ಅನುಮತಿ ಕೇಳಿದರು. ಸ್ಥಾಪಕ ಸದಸ್ಯರಲ್ಲಿ ಓದುಬರಹ ಬಾರದವರು ಬಹಳವಿದ್ದಾರೆಂದು ರಿಸರ್ವ್ ಬ್ಯಾಂಕು ಮೊದಲ ಅರ್ಜಿಯನ್ನು ತಿರಸ್ಕರಿಸಿತು. ಆ ಸ್ತ್ರೀಯರು ಅಕ್ಷರ ಕಲಿತು ಮತ್ತೆ ಹೋದರು. ಓದಲು ಬಾರದಿದ್ದರೂ ಬಡ್ಡಿಯ ಲೆಕ್ಕ ನಮಗೆ ಬರುತ್ತದೆ, ಬೇಕಾದರೆ ಕೇಳಿ ನೋಡಿರಿ ಎಂದು ಅಧಿಕಾರಿಗಳ ಮುಂದೆ ಬಾಯಿಲೆಕ್ಕ ಮಾಡಿ ತೋರಿಸಲು ಸಿದ್ಧರಾದರು. ೧೯೯೭ರಲ್ಲಿ ಮಾಣದೇಶಿ ಮಹಿಳಾ ಬ್ಯಾಂಕು ತೆರೆಯಿತು. ಭಿಶಿಯಲ್ಲಿ ಕೂತು ಲೆಕ್ಕ ಕಲಿತವರಿಗೆ ಬಡ್ಡಿಯ ಲೆಕ್ಕ ಬಾರದೆ ಇದ್ದೀತೇ?

ತಮ್ಮ ಕೂಟವನ್ನು ತಾವು ಕಟ್ಟಿಕೊಳ್ಳುವುದು ಒಂದು ದಾರಿಯಾದರೆ, ಇರುವ ಕೂಟದ ಬಾಗಿಲನ್ನು ತೆರೆಯಿಸುವುದು ಇನ್ನೊಂದು ದಾರಿ. ಇಲ್ಲಿ ಒಂದು ಆಕ್ಷೇಪಣೆ ಏಳುತ್ತದೆ. ಕೂಟವೆಂದರೆ ಸ್ನೇಹ, ಯಾರು ಯಾರೊಡನೆ ಸ್ನೇಹ ಮಾಡಬೇಕೆಂದು ಕಾಯಿದೆ ಹೇಳಬಹುದೇ? ಆಕ್ಷೇಪಣೆಯು ತೂಕವುಳ್ಳದ್ದು. ಇದರ ವಿಚಾರಣೆ ಅಮೆರಿಕೆಯ ಸರ್ವೋಚ್ಚ ನ್ಯಾಯಾಲಯದಲ್ಲಿಯೇ ನಡೆಯಿತು. ೧೯೦೫ರಲ್ಲಿ ಷಿಕಾಗೋ ನಗರದಲ್ಲಿ ಹುಟ್ಟಿದ ರೋಟರಿ ಸಂಸ್ಥೆಯು ಪುರುಷರನ್ನು ಮಾತ್ರ ಸೇರಿಸಿಕೊಳ್ಳುತ್ತಿತ್ತು. ಕ್ಯಾಲಿಫೋರ್ನಿಯಾದ ಡುವಾರ್ಟೆ ಎಂಬ ಸಣ್ಣ ಊರಿನ ಶಾಖೆಯು ೧೯೭೭ರಲ್ಲಿ ಮೂವರು ಸ್ತ್ರೀಯರನ್ನು ಸೇರಿಸಿಕೊಂಡಿತು. ಮರುವರ್ಷ ಕೇಂದ್ರ ಸಂಸ್ಥೆಯು ಆ ಶಾಖೆಯ ಮನ್ನಣೆಯನ್ನು ಕಿತ್ತುಕೊಂಡಿತು. ಶಾಖೆಯವರು ತಮ್ಮನ್ನು ‘ಮಾಜಿ ರೋಟರಿ ಕ್ಲಬ್ಬು’ ಎಂದು ಕರೆದುಕೊಂಡು ಕೂಟವನ್ನು ಮುಂದುವರಿಸಿದರು, ನ್ಯಾಯಾಲಯಕ್ಕೂ ಹೋದರು. ೧೯೮೭ರ ಮೇ ೪ರಂದು ಸರ್ವೋಚ್ಚ ನ್ಯಾಯಾಲಯವು ಅವರ ಪಕ್ಷವಾಗಿ ತೀರ್ಪು ಕೊಟ್ಟಿತು. ಮನೆಯವರ, ಆಪ್ತರ ಸಂಬಂಧಕ್ಕೆ ಇರುವ ರಕ್ಷಣೆಯು ಹೊಸ ಹೊಸ ಸದಸ್ಯರನ್ನು ಕರೆಯುತ್ತ ಬೆಳೆಯುವ, ವ್ಯಾಪಾರ ವೃತ್ತಿಗಳ ಆಧಾರದ ಮೇಲೆ ಕಟ್ಟಿದ ಇಂಥ ಸಂಸ್ಥೆಗೆ ಸಲ್ಲುವುದಿಲ್ಲ ಎಂಬುದು ಅದರ ತಾತ್ಪರ್ಯ. ೧೯೮೯ರಲ್ಲಿ ರೋಟರಿಯು ಜಗತ್ತಿನಾದ್ಯಂತ ತನ್ನ ನಿಯಮವನ್ನು ಬದಲಿಸಿತು. ನಮ್ಮ ಅಭಿಪ್ರಾಯದಲ್ಲಿಯೂ ಇದೇ ನ್ಯಾಯವಾದ ಗೆರೆ. ಇಬ್ಬರು ಗೆಳೆಯರು ಮನೆಯಲ್ಲಿ ಕೂತು ಆಡುವ ಮಾತಿಗೆ ಕಾಯಿದೆ ಬೇಡ. ಊರಿನ ಉದ್ದಿಮೆಯ ಭವಿಷ್ಯವು ನಿರ್ಣಯವಾಗುವ ಮೇಜಿಗೆ ಸ್ನೇಹದ ಹೆಸರಿನ ಮರೆ ಸಲ್ಲದು.

ಭಾರತದಲ್ಲಿ ೨೦೧೩ರ ಕಂಪನಿ ಕಾಯಿದೆಯು, ಷೇರು ಪೇಠೆಯಲ್ಲಿ ನೋಂದಾಯಿತವಾದ ಕಂಪನಿಗಳಲ್ಲಿಯೂ ಇತರ ದೊಡ್ಡ ಸಾರ್ವಜನಿಕ ಕಂಪನಿಗಳಲ್ಲಿಯೂ ನಿರ್ದೇಶಕ ಮಂಡಳಿಯಲ್ಲಿ ಒಬ್ಬ ಸ್ತ್ರೀಯಾದರೂ ಇರಲೇಬೇಕೆಂದು ವಿಧಿಸಿತು. ಅದೇ ೨೦೧೩ರಲ್ಲಿ ವಾಣಿಜ್ಯೋದ್ಯಮ ಮಹಾಸಂಘಕ್ಕೆ ಶ್ರೀಮತಿ ನೈನಾಲಾಲ್ ಕಿದ್ವಾಯಿ ಅಧ್ಯಕ್ಷರಾಗಿದ್ದರು. ೧೯೨೭ರಲ್ಲಿ ಹುಟ್ಟಿದ ಆ ಸಂಸ್ಥೆಗೆ ಅವರೇ ಮೊದಲ ಮಹಿಳಾ ಅಧ್ಯಕ್ಷರು. ಕಾಯಿದೆ ಬಂದಾಗ ಎಷ್ಟೋ ಕಂಪನಿಗಳು ಮಾಲೀಕರ ಪತ್ನಿಯನ್ನೋ ಮಗಳನ್ನೋ ಸೊಸೆಯನ್ನೋ ತಂದು ಆಸನದಲ್ಲಿ ಕೂಡಿಸಿದವು. ಅರ್ಥಾತ್ ಹಳೆಯ ಮನೆಯ ಬಾಗಿಲನ್ನೇ ಇನ್ನೊಮ್ಮೆ ತೆರೆದವು. ಇದನ್ನು ಕಂಡು ಷೇರು ಪೇಠೆಯ ನಿಯಂತ್ರಣ ಮಂಡಳಿಯು ೨೦೧೯ರಿಂದ ಮೊದಲ ೫೦೦ ಕಂಪನಿಗಳಿಗೆ, ೨೦೨೦ರಿಂದ ಮೊದಲ ೧೦೦೦ ಕಂಪನಿಗಳಿಗೆ, ಮಾಲೀಕರ ಮನೆತನಕ್ಕೆ ಸಂಬಂಧಪಡದ ಸ್ವತಂತ್ರ ನಿರ್ದೇಶಕಿ ಬೇಕೆಂದು ನಿಯಮವನ್ನು ಬಿಗಿಮಾಡಿತು. ಕಾಯಿದೆಯಿಂದ ಆಸನ ದೊರೆಯಿತು. ಆದರೆ ಸಭೆಗೆ ಮುನ್ನಿನ ಸಂಜೆಯ ಊಟದಲ್ಲಿ ಮಾತೆಲ್ಲ ಮುಗಿದಿದ್ದರೆ ಮರುದಿನದ ಸಭೆಯಲ್ಲಿ ಆ ಆಸನದಲ್ಲಿ ಕೂತವಳಿಗೆ ಉಳಿಯುವುದು ಸಹಿ ಮಾಡುವ ಕೆಲಸ ಮಾತ್ರ. ಕಾಯಿದೆಯ ಕೈ ಊಟದ ಪಂಕ್ತಿಯವರೆಗೆ ಚಾಚಲಾರದು. ಅಲ್ಲಿಂದ ಮುಂದಿನದು ಪಂಕ್ತಿಯಲ್ಲಿ ಕುಳಿತವರ ಕೆಲಸ.

ಕನ್ನಡ ಸಂಘದ ಪತ್ರಿಕೆಯಲ್ಲಿ ಹಡಗು ಕಂಪನಿಗಳ, ಕ್ಲಬ್ಬುಗಳ ಈ ಚರಿತ್ರೆ ಏಕೆಂದು ಯಾರಾದರೂ ಕೇಳಬಹುದು. ಗಡಿಯಾಚೆಯ ಕನ್ನಡಿಗರಾದ ನಮಗೆ ಕೂಟದ ಹೊರಗಿರುವುದೆಂದರೇನೆಂಬುದನ್ನು ಬೇರೆಯವರು ಕಲಿಸಬೇಕಾಗಿಲ್ಲ. ನಮ್ಮ ಶಾಲೆಗಳ ಮಾತು, ನಮ್ಮ ಪುಸ್ತಕಗಳ ಮಾತು, ನಾವಿಲ್ಲದ ಕೋಣೆಗಳಲ್ಲಿ, ನಮ್ಮದಲ್ಲದ ಭಾಷೆಯಲ್ಲಿ ಮುಗಿದು, ಕೊನೆಗೆ ಕಾಗದವಾಗಿ ನಮ್ಮ ಕೈಗೆ ಬರುವುದನ್ನು ನಾವು ಮತ್ತೆ ಮತ್ತೆ ಕಂಡಿದ್ದೇವೆ. ಆ ನೋವಿನಿಂದಲೇ ಇಂಥ ಸಂಘಗಳು ಹುಟ್ಟಿದವು. ಆದುದರಿಂದ ಕಲಕತ್ತಾ ಕ್ಲಬ್ಬಿನ ನೂರು ವರ್ಷಗಳು ನಮಗೆ ಬೇರೆಯವರ ಕಥೆಯಲ್ಲ.

ನಮ್ಮ ಸಭೆ ಸಂಜೆ ಏಳಕ್ಕೆ ಸೇರುತ್ತದೆ, ಎಂಟೂವರೆಗೆ ವಂದನಾರ್ಪಣೆಯಾಗುತ್ತದೆ. ಅಡುಗೆಯ ಚಿಂತೆಯೂ ಕತ್ತಲೆಯ ಚಿಂತೆಯೂ ಇರುವ ತಾಯಂದಿರು, ಅಕ್ಕಂದಿರು ಕೂಡಲೆ ಮನೆಗೆ ಹೊರಡುತ್ತಾರೆ. ಆಮೇಲೆ ನಾವು ಏಳೆಂಟು ಜನ ಗಂಡಸರು ಬಾಗಿಲ ಹೊರಗಿನ ಚಹದಂಗಡಿಯ ಮುಂದೆ ನಿಲ್ಲುತ್ತೇವೆ. ಮುಂದಿನ ನಾಡಹಬ್ಬಕ್ಕೆ ಯಾರನ್ನು ಕರೆಯಬೇಕು, ವಂತಿಗೆ ಎಷ್ಟು, ಕಾರ್ಯದರ್ಶಿ ಯಾರಾಗಬೇಕು, ಇವೆಲ್ಲ ಅಲ್ಲಿ ತೀರ್ಮಾನವಾಗುತ್ತವೆ. ಮುಂದಿನ ತಿಂಗಳ ಸಭೆಯಲ್ಲಿ ಅದನ್ನು ಓದಿ ಹೇಳುತ್ತೇವೆ, ಎಲ್ಲರೂ ಕೈ ಎತ್ತುತ್ತಾರೆ. ಯಾರನ್ನೂ ಹೊರಗಿಡಬೇಕೆಂಬ ಉದ್ದೇಶ ನಮಗಿಲ್ಲ. ಆಲದ ಮರದ ಕೆಳಗಿನವರಿಗೂ ಇರಲಿಲ್ಲ. ಹೋದ ವರ್ಷ ಹಿರಿಯ ಸದಸ್ಯೆಯೊಬ್ಬರು, “ಎಲ್ಲಾ ಠರಾವ್ ಆದಮ್ಯಾಲೆ ನಮ್ಮನ್ನ ಯಾಕ ಕೇಳತೀರಿ?” ಎಂದು ನಗುತ್ತಲೇ ಕೇಳಿದರು. ನಾವೂ ನಕ್ಕು ಸುಮ್ಮನಾದೆವು. ಈ ಲೇಖನಕ್ಕೆ ಆ ಪ್ರಶ್ನೆಯೇ ಮೂಲ.

ಆದುದರಿಂದ ಸಂಘದ ಬಾಂಧವರಲ್ಲಿ ನಮ್ಮ ಸೂಚನೆಗಳು ಎರಡು. ಸಭೆಯನ್ನು ರವಿವಾರ ಮಧ್ಯಾಹ್ನ ನಾಲ್ಕಕ್ಕೆ ಇಟ್ಟುಕೊಳ್ಳೋಣ. ಚಹವನ್ನು ಅಂಗಡಿಯ ಮುಂದೆ ಕುಡಿಯದೆ ಸಭಾಗೃಹದೊಳಗೇ ತರಿಸಿ, ಸಭೆಯ ನಡುವೆ, ಎಲ್ಲರೂ ಕೂಡಿ ಕುಡಿಯೋಣ. ಖರ್ಚು ಹೆಚ್ಚಾಗದು. ಮುಂದಿನ ನಾಡಹಬ್ಬದ ಮಾತನ್ನು ಆ ಚಹದೊಂದಿಗೆ ಆರಂಭಿಸಬಹುದು.